ತಂಗುದಾಣದಲ್ಲಿ ದಾನಿಗಳ ಹೆಸರಿದೆ, ಬಸ್ಸಿನ ಸಮಯವಿಲ್ಲ

ನಿನ್ನೆ ಮಧ್ಯಾಹ್ನ ಮಣಿಪಾಲದಿಂದ ಉಡುಪಿಗೆ ಇಳಿಯುವ ರಸ್ತೆಯ ತಂಗುದಾಣವೊಂದರಲ್ಲಿ ಕಂಡದ್ದು ರಾತ್ರಿಯಿಡೀ ಮನಸ್ಸನ್ನು ಕೊರೆಯಿತು. ಬಾರಕೂರು ಕಡೆಯ ಅಮ್ಮ ಒಬ್ಬರು, ಎಪ್ಪತ್ತರ ಆಸುಪಾಸಿನವರು, ಜಿಲ್ಲಾಧಿಕಾರಿ ಕಚೇರಿಯಿರುವ ರಜತಾದ್ರಿಯಲ್ಲಿ ಪಿಂಚಣಿಯ ಕಾಗದ ಕೊಟ್ಟು ಮನೆಗೆ ಹೊರಟಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಕಡತ. ಅದರ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದ ಆಧಾರ್ ಕಾರ್ಡು. "ಸರ್ಕಾರಿ ಬಸ್ ಎಷ್ಟ್ ಹೊತ್ತಿಗ್ ಬತ್ತ್ ಮಗಾ?" ಎಂದು ಕೇಳಿದರು. "ಈಗ ಬರಬಹುದು ಅಮ್ಮ" ಎಂದೆ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಬಾಯಿಗೆ ಬಂದ ಸಮಾಧಾನದ ಮಾತು ಹೇಳಿದೆ, ಅವರು ಅದನ್ನು ನಂಬಿದರು. ನಾಲ್ಕು ಖಾಸಗಿ ಬಸ್ಸುಗಳು ಬಂದು ಹೋದವು. ಪ್ರತಿ ಸಲವೂ ಅವರು ತಲೆಯೆತ್ತಿ ನೋಡಿ, ಕಾರ್ಡನ್ನು ಇನ್ನೊಂದು ಕೈಗೆ ಬದಲಾಯಿಸಿ, ಮತ್ತೆ ಕುಳಿತರು. ನಲವತ್ತು ನಿಮಿಷಗಳ ನಂತರ ಐದನೆಯ ಬಸ್ಸಿಗೆ ಹತ್ತಿ, ಸೆರಗಿನ ಗಂಟು ಬಿಚ್ಚಿ ಟಿಕೆಟಿನ ಹಣ ಕೊಟ್ಟರು.

ಅವರು ಕುಳಿತಿದ್ದ ಜಾಗದ ನೆತ್ತಿಯ ಮೇಲೆ ಕರಿಗಲ್ಲಿನ ಫಲಕವಿತ್ತು. ಕಟ್ಟಿಸಿದ ಸಂಘದ ಹೆಸರು, ದಾನಿಗಳ ಹೆಸರು, ಉದ್ಘಾಟಿಸಿದ ಗಣ್ಯರ ಹೆಸರು, ದಿನಾಂಕ, ಎಲ್ಲವೂ ಚಿನ್ನದ ಬಣ್ಣದ ಅಕ್ಷರಗಳಲ್ಲಿ ಕೊರೆಯಲ್ಪಟ್ಟಿದ್ದವು. ಈ ನಿಲ್ದಾಣದಲ್ಲಿ ಯಾವ ಬಸ್ಸು ಎಷ್ಟು ಗಂಟೆಗೆ ನಿಲ್ಲುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬ ಒಂದು ಸಾಲು ಎಲ್ಲಿಯೂ ಇರಲಿಲ್ಲ.

ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು. ನಮ್ಮ ಕರಾವಳಿಯಲ್ಲಿ ರಸ್ತೆ ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದು. ನರ್ಮ್ ಎಂದು ನಾವು ಕರೆಯುವ ಸರ್ಕಾರಿ ಸಿಟಿ ಬಸ್ಸುಗಳು ಅವುಗಳ ನಡುವೆ ಅಲ್ಲೊಂದು ಇಲ್ಲೊಂದು. ಬೇರೆ ಊರುಗಳಲ್ಲಿ ಒಂದು ಸರ್ಕಾರಿ ಬಸ್ಸು ತಪ್ಪಿದರೆ ಸ್ವಲ್ಪ ಹೊತ್ತಿಗೆ ಮತ್ತೊಂದು ಸಿಗುತ್ತದೆ. ಇಲ್ಲಿ ಮುಂದಿನ ಬಸ್ಸಿನ ಸಮಯ ಗೊತ್ತಿಲ್ಲದಿದ್ದರೆ ಆ ಸೌಲಭ್ಯ ಕೈಯಲ್ಲಿದ್ದೂ ಇಲ್ಲದಂತೆ. ಆ ಅಮ್ಮನಿಗೆ ನಿನ್ನೆ ಆದದ್ದು ಅದೇ.

ಖಾಸಗಿ ಬಸ್ಸಿನ ವಿಷಯದಲ್ಲಿ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ ಕೂಗುವ ಊರುಗಳ ಹೆಸರೇ ನಮ್ಮ ವೇಳಾಪಟ್ಟಿ. ಕಿವಿ ಮಂದವಾದವರು, ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೆ ಮೊದಲ ಬಾರಿಗೆ ಬರುವ ಹೆಬ್ರಿ, ಬೈಂದೂರು ಕಡೆಯವರು, ಹೊರ ರಾಜ್ಯಗಳಿಂದ ಓದಲು ಬಂದ ಮಕ್ಕಳು, ಎಲ್ಲರೂ ಪಕ್ಕದವರ ಮುಖ ನೋಡಿ ಕೇಳಬೇಕು. ಹಾಗೆಂದು ಸಮಯವೇ ನಿಗದಿಯಾಗಿಲ್ಲವೆಂದಲ್ಲ. ಪರವಾನಗಿಯ ಜೊತೆಗೇ ಪ್ರತಿ ಟ್ರಿಪ್ಪಿನ ಸಮಯ ನಿಗದಿಯಾಗುತ್ತದೆ. ಸರ್ವಿಸ್ ಬಸ್ ನಿಲ್ದಾಣದಲ್ಲಿ ಎರಡು ನಿಮಿಷದ ಟೈಮಿಂಗ್‌ಗಾಗಿ ಎರಡು ಬಸ್ಸಿನವರು ಜಗಳವಾಡುವುದನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ? ಮಾಲೀಕರಿಗೆ, ಚಾಲಕರಿಗೆ, ಟೈಮ್ ಕೀಪರಿಗೆ ನಿಮಿಷನಿಮಿಷವೂ ಗೊತ್ತಿರುವ ಸಂಗತಿಯನ್ನು ಕಾಯುವವರಿಗೆ ಮಾತ್ರ ಯಾರೂ ಹೇಳುವುದಿಲ್ಲ. ಅನುಮೋದಿತ ದರಪಟ್ಟಿ ಮತ್ತು ವೇಳಾಪಟ್ಟಿಯನ್ನು ಬಸ್ಸಿನಲ್ಲಿಯೂ ನಿಗದಿತ ನಿಲ್ದಾಣಗಳಲ್ಲಿಯೂ ಪ್ರದರ್ಶಿಸಬೇಕೆಂಬ ಷರತ್ತನ್ನು ಪರವಾನಗಿಗೆ ಸೇರಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 72ನೇ ಕಲಂ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಕೊಟ್ಟಿದೆ. ಕಾನೂನು ಬರೆದವರಿಗೆ ಇದು ಹೊಳೆದಿತ್ತು.

ಈ ಮಾತು ತೆಗೆದಾಗಲೆಲ್ಲ, ಮೊಬೈಲಿನಲ್ಲಿ ಆ್ಯಪ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ನಾನೂ ಬಳಸುತ್ತೇನೆ. ಆದರೆ ಸೆರಗಿನ ಗಂಟಿನಲ್ಲಿ ಹಣ ಕಟ್ಟಿಕೊಂಡು ಬರುವವರಿಗೆ ಅದನ್ನು ತೋರಿಸಿ ನಮ್ಮ ಕೆಲಸ ಮುಗಿಯಿತು ಎನ್ನಲಾಗದು. ಮಳೆಗಾಲದಲ್ಲಿ, ಕಲ್ಸಂಕದ ದಟ್ಟಣೆಯಲ್ಲಿ ಯಾವ ಸಮಯ ನಿಲ್ಲುತ್ತದೆ ಎಂಬ ಇನ್ನೊಂದು ವಾದವನ್ನಂತೂ ನಾನು ಒಪ್ಪುವುದೇ ಇಲ್ಲ. ಇಂದ್ರಾಳಿಯ ನಿಲ್ದಾಣದ ಮೂಲಕ ಹೋಗುವ ಕೊಂಕಣ ರೈಲ್ವೆಗೆ ನಮಗಿಂತ ಕಡಿಮೆ ಮಳೆಯೇ? ಅವರು ಮಳೆಗಾಲಕ್ಕೆಂದೇ ವೇಗ ತಗ್ಗಿಸಿ, ಪ್ರತಿ ವರ್ಷ ಬೇರೆ ವೇಳಾಪಟ್ಟಿ ಪ್ರಕಟಿಸುತ್ತಾರೆ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಕೃಷ್ಣಮಠದ ಪರ್ಯಾಯ ಉತ್ಸವದ ಹೊತ್ತಿಗೆ ಯಾವ ವಾಹನ ಯಾವ ದಾರಿಯಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು ಎಂದು ಇಡೀ ಊರಿಗೆ ತಿಳಿಸಲು ನಮಗೆ ಸಾಧ್ಯವಾಗುತ್ತದೆ. ಉಳಿದ ದಿನಗಳಲ್ಲಿ ಒಂದು ತಗಡಿನ ಫಲಕ ಹಾಕಲು ಏನು ಅಡ್ಡಿ?

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಬೇಕು. ನಮ್ಮ ಯುವಕ ಮಂಡಲವೂ ಹಿಂದೆ ಒಂದು ತಂಗುದಾಣ ಕಟ್ಟಿಸಿತ್ತು. ನಿಮ್ಮಲ್ಲಿ ಹಲವರು ಅದಕ್ಕೆ ದೇಣಿಗೆ ಕೊಟ್ಟಿದ್ದೀರಿ. ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೆ ಮೂರು ಸಭೆ ನಡೆಸಿದೆವು. ಬಸ್ಸಿನ ಸಮಯ ಬರೆಸೋಣ ಎಂದು ಆ ಮೂರು ಸಭೆಗಳಲ್ಲಿ ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ಕಲ್ಲಿನಲ್ಲಿ ಆರನೆಯ ಹೆಸರು ನನ್ನದು. ಅಲ್ಲಿಯೂ ಯಾರೋ ಒಬ್ಬ ಅಮ್ಮ ಇಂತಹುದೇ ಪ್ರಶ್ನೆ ಕೇಳಿ, ನನ್ನಂಥವನಿಂದ ಇಂತಹುದೇ ಉತ್ತರ ಪಡೆದಿರಬಹುದು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ಸೋಮವಾರ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ನಮ್ಮ ತಂಗುದಾಣದಲ್ಲಿ ಕುಳಿತು ನಿಲ್ಲುವ ಪ್ರತಿ ಬಸ್ಸಿನ ಹೆಸರು, ಸಮಯ, ಹೋಗುವ ಊರು ಬರೆದುಕೊಳ್ಳುತ್ತೇನೆ. ಭಾನುವಾರ ಹಲವು ಟ್ರಿಪ್ಪುಗಳು ಇರುವುದಿಲ್ಲವಾದ್ದರಿಂದ ಅಂದಿನ ಪಟ್ಟಿ ಬೇರೆಯೇ ಆಗಬೇಕು. ಅದಕ್ಕೆ ಇನ್ನೊಬ್ಬರು ಜೊತೆಗೆ ಬೇಕು. ಈ ಮಾರ್ಗದಲ್ಲಿ ಚಾಲಕ, ಕಂಡಕ್ಟರ್ ಆಗಿ ದುಡಿಯುವ ಗೆಳೆಯರು ದಯವಿಟ್ಟು ಪಟ್ಟಿಯನ್ನು ನೋಡಿ ತಪ್ಪಿದ್ದರೆ ತಿದ್ದಿಕೊಡಿ. ಫಲಕದ ಖರ್ಚು ನನ್ನದು. ಅದರ ಮೇಲೆ ಯಾರ ಹೆಸರನ್ನೂ ಬರೆಸುವುದಿಲ್ಲ. ಆ ಜಾಗದಲ್ಲಿ ಸರ್ಕಾರಿ ಬಸ್ಸಿನ ಸಮಯ ದೊಡ್ಡ ಅಕ್ಷರಗಳಲ್ಲಿ ಇರುತ್ತದೆ.