ಹಿಂದಿನ ಸೀಟು ಎಂದಷ್ಟೇ ಹೇಳಿದರೆ ಸಾಲದು

ಪಿಕಪ್‌ನಲ್ಲಿ ಮಕ್ಕಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಎಂದು ಲೇಖನವೊಂದು ಕೊಟ್ಟ ಸಲಹೆ ಸರಿಯಾದದ್ದೇ. ಆದರೆ ಎಲ್ಲ ಪಿಕಪ್‌ಗಳ ಹಿಂದಿನ ಸೀಟೂ ಒಂದೇ ಬಗೆಯದಲ್ಲ. ಕೆಲವು ಹಳೆಯ ವಾಹನಗಳಲ್ಲಿ ಪಕ್ಕಕ್ಕೆ ಮುಖ ಮಾಡಿದ, ಮಡಚಿಡುವ ಪುಟ್ಟ ಸೀಟುಗಳಿರುತ್ತವೆ. ಅವುಗಳ ಮೇಲೆ ಮಕ್ಕಳ ಸುರಕ್ಷತಾ ಸೀಟನ್ನು ಕಟ್ಟಲೇಬಾರದು.

ಒಂದೇ ಸಾಲು ಸೀಟಿರುವ ಪಿಕಪ್‌ ಇದ್ದವರು ಏನು ಮಾಡಬೇಕು ಎಂಬುದನ್ನು ಲೇಖನ ಮುಟ್ಟಿಯೇ ಇಲ್ಲ. ಹಿಮ್ಮುಖವಾಗಿ ಕೂರಿಸುವ ಶಿಶುಸೀಟನ್ನು ಚಾಲೂ ಇರುವ ಏರ್‌ಬ್ಯಾಗ್‌ ಎದುರು ಇಟ್ಟರೆ, ಅದು ಉಬ್ಬಿ ಬಂದು ನೇರವಾಗಿ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದೆಯೇ ಅಪ್ಪಳಿಸುತ್ತದೆ. ಇಂತಹ ಎಷ್ಟೋ ವಾಹನಗಳಲ್ಲಿ ಏರ್‌ಬ್ಯಾಗ್‌ ನಿಲ್ಲಿಸುವ ಸ್ವಿಚ್‌ ಇರುತ್ತದೆ. ಅದನ್ನು ಆಫ್‌ ಮಾಡಿ, ಸೂಚಕ ದೀಪವನ್ನು ಕಣ್ಣಾರೆ ನೋಡಿಕೊಳ್ಳಿ. ಸ್ವಿಚ್‌ ಇಲ್ಲದಿದ್ದರೆ ಆ ವಾಹನದಲ್ಲಿ ಶಿಶುವನ್ನು ಕರೆದೊಯ್ಯುವ ಯೋಚನೆಯನ್ನೇ ಬಿಡಿ.

ಮುಂದಕ್ಕೆ ಮುಖ ಮಾಡಿದ ಮಕ್ಕಳ ಸೀಟಿನ ಮೇಲ್ಭಾಗವನ್ನು ವಾಹನಕ್ಕೆ ಬಿಗಿಯುವ ಪಟ್ಟಿಯದು ಇನ್ನೊಂದು ತೊಡಕು. ಅನೇಕ ಪಿಕಪ್‌ಗಳಲ್ಲಿ ಅದನ್ನು ಸಿಕ್ಕಿಸುವ ಕೊಂಡಿ ವಾಹನದ ಸೀಟಿನ ಬೆನ್ನ ಹಿಂದೆ ಅಡಗಿರುತ್ತದೆ. ಕೆಲವುಗಳಲ್ಲಿ ಪಟ್ಟಿಯನ್ನು ನೇರ ಹಿಂದಿರುವ ಬಟ್ಟೆಯ ಕುಣಿಕೆಯೊಳಗೆ ತೂರಿಸಿ, ಪಕ್ಕದ ಸೀಟಿನ ಕುಣಿಕೆಗೆ ಸಿಕ್ಕಿಸಬೇಕು. ಕೈಪಿಡಿ ನೋಡದೆ ಇದು ಹೊಳೆಯುವುದೇ ಇಲ್ಲ. ಮಕ್ಕಳ ಸೀಟನ್ನು ಕಟ್ಟಿದ ಮೇಲೆ ಅದನ್ನು ಬೆಲ್ಟ್‌ ಹಾದುಹೋಗುವ ಜಾಗದಲ್ಲಿ ಹಿಡಿದು ಅಲುಗಿಸಿ. 2.5 ಸೆಂಟಿಮೀಟರ್‌ಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಿರಿ.

ಸರಕು ತುಂಬುವ ಹಿಂಭಾಗದಲ್ಲಂತೂ ಯಾರೂ ಕೂರಬಾರದು, ದೊಡ್ಡವರೂ ಸಹ. ಮೇಲೆ ಮುಚ್ಚಿಗೆ ಇದ್ದರೆ ಹೊಗೆಯ ಕಾರ್ಬನ್‌ ಮೊನಾಕ್ಸೈಡ್‌ ಒಳಗೆ ತುಂಬಿಕೊಳ್ಳುವ ಅಪಾಯವೂ ಇದೆ. ಸೀಟು ಸಾಲದಿದ್ದರೆ ಎರಡು ಸಲ ಹೋಗಿ ಬನ್ನಿ.