ಒಪ್ಪಿಸುವ ಅಭ್ಯಾಸ ಬಿಡಬಾರದಿತ್ತು

ಕನ್ನಡ ಶಾಲೆಯಲ್ಲಿ ಕಲಿತ ನಮಗೆ ಓದು ಅಂದರೆ ಬಾಯಿಪಾಠ. ಹೊರನಾಡಿಗೆ ಬಂದ ಮೇಲೆ ನಮ್ಮಲ್ಲಿ ಬಹಳ ಮಂದಿ ಅದನ್ನು ಹಳೇ ಕಾಲದ್ದೆಂದು ಕೈಬಿಟ್ಟೆವು. ಇಲ್ಲಿನ ರೀತಿ ಬೇರೆ: ಅರ್ಥ ಮಾಡಿಕೊ, ಟಿಪ್ಪಣಿ ಬರೆದುಕೊ, ಬೇಕಾದಾಗ ತೆಗೆದು ನೋಡು. ಅರ್ಥಕ್ಕೆ ಒತ್ತು ಕೊಡುವುದು ಸರಿಯೇ. ಆದರೆ ಬಾಯಿಪಾಠದ ದೋಷದ ಜೊತೆಗೆ ಅದರ ದೊಡ್ಡ ಗುಣವನ್ನೂ ನಾವು ಎಸೆದುಬಿಟ್ಟೆವು ಎನ್ನುವುದು ನನ್ನ ಖಚಿತ ಅನಿಸಿಕೆ.

ಆ ಗುಣ ಯಾವುದೆಂದರೆ, ಪುಸ್ತಕ ಮುಚ್ಚಿ ಒಪ್ಪಿಸುವುದು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಓದಿ, ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದು. ಒಂದು ವಾರ ಕಳೆದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದೆ ಹೋಗಿದ್ದರು. ಮತ್ತೆ ಮತ್ತೆ ಓದುವಾಗ ಅಕ್ಷರಗಳು ಪರಿಚಿತವಾಗುತ್ತವೆ. ಆ ಪರಿಚಯವನ್ನೇ ನೋಡಿ, ಪಾಠ ನಮಗೆ ಬರುತ್ತದೆ ಎಂದು ನಂಬುತ್ತೇವೆ.

ಬಾಯಿಪಾಠದ ದೋಷ ಎರಡು. ಒಂದು, ಅದು ಸಾಲಿಗೆ ಅಂಟಿಕೊಳ್ಳುತ್ತದೆ. ಮಗ್ಗಿಯಲ್ಲಿ ಏಳೆಂಟಲಿ ಎಷ್ಟು ಎಂದರೆ ಏಳೊಂದಲಿಯಿಂದ ಶುರು ಮಾಡಬೇಕಾಗುತ್ತದೆ, ಏಕೆಂದರೆ ಪ್ರತಿ ಸಾಲಿಗೂ ಹಿಂದಿನ ಸಾಲೇ ಸುಳಿವು. ಆದ್ದರಿಂದ ಪ್ರಶ್ನೆಗಳನ್ನು ಕಲಸಿ ಕೇಳಬೇಕು. ಎರಡು, ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಉಸಿರಿಗೆ ಉರು ಹೊಡೆಯುವುದು. ಮರೆವು ಮೊದಲ ದಿನವೇ ಅತಿ ವೇಗ, ಆಮೇಲೆ ನಿಧಾನ ಎಂದು ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ. ಹಾಗಾಗಿ ಒಪ್ಪಿಸುವುದರ ನಡುವೆ ಬಿಡುವು ಬೇಕು, ಬಿಡುವು ಬರಬರುತ್ತ ದೊಡ್ಡದಾಗಬೇಕು.

ನಾನು ಹೇಳುವ ಕ್ರಮ ಇದು. ಎರಡು ಪುಟ ಓದಿ ಮುಚ್ಚಿ. ಮುಖ್ಯವಾದ ಮೂರು ನಾಲ್ಕು ವಿಷಯ ಗಟ್ಟಿಯಾಗಿ ಹೇಳಿ ಅಥವಾ ಬರೆಯಿರಿ. ಬರದಿದ್ದರೆ ತಕ್ಷಣ ಪುಸ್ತಕ ತೆರೆಯಬೇಡಿ, ಅರ್ಧ ನಿಮಿಷವಾದರೂ ತಡಕಾಡಿ. ಆಮೇಲೆ ತಪ್ಪದೆ ತಾಳೆ ನೋಡಿ, ಇಲ್ಲವಾದರೆ ತಪ್ಪೇ ಗಟ್ಟಿಯಾಗುತ್ತದೆ. ಮರುದಿನ, ಮೂರನೇ ದಿನ, ಏಳನೇ ದಿನ, ಮೂರು ವಾರಕ್ಕೆ ಮತ್ತೆ. ಒಂದು ಬದಿ ಪ್ರಶ್ನೆ, ಹಿಂಬದಿ ಉತ್ತರ ಬರೆದ ಚೀಟಿ ಮಾಡುವುದಾದರೆ ಒಂದರಲ್ಲಿ ಒಂದೇ ಪ್ರಶ್ನೆ. ಐದು ಸಂಗತಿ ತುರುಕಿದ ಚೀಟಿಯಲ್ಲಿ ಮೂರು ಬಂದರೆ ಅದು ಸರಿಯೋ ತಪ್ಪೋ ತಿಳಿಯುವುದಿಲ್ಲ. ಚೀಟಿಗಳಿಗೆ ಸಾಲಾಗಿ ಕೆಲವು ಡಬ್ಬಿ ಇಡಿ, ಮುಂದಿನ ಡಬ್ಬಿಯನ್ನು ಇನ್ನೂ ದೊಡ್ಡ ಬಿಡುವಿನ ಮೇಲೆ ತೆಗೆಯಿರಿ. ಸರಿ ಬಂದ ಚೀಟಿ ಮುಂದಿನ ಡಬ್ಬಿಗೆ, ತಪ್ಪಿದ್ದು ಮೊದಲ ಡಬ್ಬಿಗೆ. ಲೈಟ್ನರ್ ಎಂಬ ವಿಜ್ಞಾನ ಬರಹಗಾರ 1972ರಲ್ಲಿ ಪ್ರಚಾರಕ್ಕೆ ತಂದ ಈ ವಿಧಾನವೇ ಇವತ್ತಿನ ಎಷ್ಟೋ ಆ್ಯಪ್‌ಗಳ ತಳಹದಿ. ಉತ್ತರ ಹೇಳುವ ಮೊದಲೇ ಚೀಟಿ ತಿರುಗಿಸಿದರೆ ಇಷ್ಟೂ ವ್ಯರ್ಥ.

ನಿದ್ದೆ ಕೆಟ್ಟರೆ ಇದ್ಯಾವುದೂ ನಿಲ್ಲದು, ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಸಂಜೆಯ ಕಾಫಿ ಬಿಡಿ. ಬಿರುಸು ನಡಿಗೆಯೂ ಬೇಕು.

ಮೆದುಳು ಚುರುಕಾಗಿಸುವ ಆಟಗಳ ಮೇಲೆ ನನಗೆ ಭರವಸೆ ಇಲ್ಲ. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಮ್ಮೆ ಕೇಳಿ ಏಳು ಅಂಕಿ ಹೇಳುತ್ತಿದ್ದ ವಿದ್ಯಾರ್ಥಿ ಇನ್ನೂರು ಗಂಟೆಗೂ ಮೀರಿದ ಅಭ್ಯಾಸದಿಂದ 79 ಅಂಕಿ ಹೇಳಿದ. ಅಂಕಿಯ ಬದಲು ಅಕ್ಷರ ಕೊಟ್ಟಾಗ ಮತ್ತೆ ಆರರ ಆಸುಪಾಸಿಗೇ ಇಳಿದ. ಯಾವುದು ನೆನಪಿರಬೇಕೋ ಅದನ್ನೇ ಅಭ್ಯಾಸ ಮಾಡಬೇಕು.

ನಮ್ಮ ಮನೆಗಳಿಗೆ ಇದು ನೇರವಾಗಿ ತಾಗುವ ಮಾತು. ಹೊರನಾಡಿನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಕೇಳಿಸಿಕೊಳ್ಳುವ ಅಭ್ಯಾಸವಿದೆ, ಹುಡುಕಿ ಹೇಳುವ ಅಭ್ಯಾಸವಿಲ್ಲ, ಅಷ್ಟೇ ವ್ಯತ್ಯಾಸ. ಮಗು ಪದಕ್ಕಾಗಿ ತಡವರಿಸಿದಾಗ ನಾವೇ ಬಾಯಿ ಹಾಕಿ ಹೇಳಿಬಿಡುತ್ತೇವೆ, ಅಥವಾ ಬೇರೆ ಭಾಷೆಗೆ ಹೊರಳಿಬಿಡುತ್ತೇವೆ. ಹತ್ತು ಸೆಕೆಂಡು ಸುಮ್ಮನಿರಿ. ಬರದಿದ್ದರೆ ಮೊದಲ ಅಕ್ಷರ ಮಾತ್ರ ಕೊಡಿ. ಆಗಲೂ ಬರದಿದ್ದರೆ ಪೂರ್ತಿ ಹೇಳಿ, ಅದೇ ದಿನ ಸಂಜೆ ಆ ಪದ ಬೇಕಾಗುವಂಥ ಪ್ರಶ್ನೆ ಇನ್ನೊಮ್ಮೆ ಕೇಳಿ. "ನನಗೆ ಮರೆವು ಜಾಸ್ತಿ" ಎಂದು ಕೈಚೆಲ್ಲುವ ದೊಡ್ಡವರಿಗೂ ಇದೇ ಕ್ರಮ ಸಾಕು.