ಕೊನೆಯ ಬೈಕಿನವನ ಗೋಳು

"ಬಂದ್ಯಾ? ಸರಿ, ಹೊರಡೋಣ."

ಗೆಳೆಯರ ಗುಂಪಿನಲ್ಲಿ ಬೈಕ್ ಓಡಿಸಿಕೊಂಡು ಹೋಗುವಾಗ ಸಾಲಿನ ಕೊನೆಯಲ್ಲಿ ಬರುವವನಿಗೆ ಸಿಗುವ ಸ್ವಾಗತ ಇಷ್ಟೇ. ನಿನ್ನೆ ಇಡೀ ದಿನ ನಾನು ಇದನ್ನು ಕೇಳಿದ್ದೇನೆ. ಮೈಕೈ ನೋವು ಇವತ್ತು ಅರ್ಧ ಇಳಿದಿದೆ. ಸಿಟ್ಟು ಇನ್ನೂ ಇಳಿದಿಲ್ಲ.

ಆಗುವುದು ಹೀಗೆ ನೋಡಿ. ಮುಂದೆ ಹೋದವರು ಬೆಟ್ಟದ ರಸ್ತೆಯಲ್ಲಿ ಒಳ್ಳೆಯ ಜಾಗ ಕಂಡು ನಿಲ್ಲುತ್ತಾರೆ. ಹೆಲ್ಮೆಟ್ ತೆಗೆಯುತ್ತಾರೆ. ನೀರು ಕುಡಿಯುತ್ತಾರೆ. ಸೊಂಟ ಹಿಡಿದುಕೊಂಡು ಹಿಂದಕ್ಕೆ ಬಾಗುತ್ತಾರೆ. ಒಬ್ಬೊಬ್ಬರಾಗಿ ಮರದ ಮರೆಗೆ ಹೋಗಿ ಬರುತ್ತಾರೆ. ಫೋಟೋ ಆಗುತ್ತದೆ. ಆಮೇಲೆ ನಾನು ತಲುಪುತ್ತೇನೆ. ಸೈಡ್ ಸ್ಟ್ಯಾಂಡ್ ಹಾಕಿ ಹೆಲ್ಮೆಟ್ಟಿನ ಪಟ್ಟಿಗೆ ಕೈ ಹಾಕುವಷ್ಟರಲ್ಲಿ ಅವರೆಲ್ಲರ ದಣಿವು ಆರಿರುತ್ತದೆ. ದಣಿವು ಆರಿದವರನ್ನು ತಡೆದು ನಿಲ್ಲಿಸುವುದು ಯಾರಿಂದಲೂ ಸಾಧ್ಯವಿಲ್ಲ. ಅಂದರೆ ಗುಂಪಿನಲ್ಲಿ ಯಾರಿಗೆ ವಿಶ್ರಾಂತಿ ಜಾಸ್ತಿ ಬೇಕೋ ಅವನಿಗೊಬ್ಬನಿಗೇ ವಿಶ್ರಾಂತಿ ಇಲ್ಲ.

ನನ್ನನ್ನು ಕೊನೆಗೆ ಹಾಕಿದ್ದು ಹೊಗಳಿಯೇ. ಗುಂಪಿನ ಮುಂದೆ ಒಬ್ಬ, ಕೊನೆಗೊಬ್ಬ ಅನುಭವಸ್ಥ ಇರಬೇಕು ಅನ್ನುವುದು ನಿಜವಾದ ನಿಯಮ. "ಹಿಂದೆ ನೀನಿದ್ರೆ ಧೈರ್ಯ ಕಣೋ" ಅಂದರು. ಇನ್ನೊಂದು ನಿಯಮವೂ ಇದೆ. ಪ್ರತಿಯೊಬ್ಬರೂ ತಮ್ಮ ಹಿಂದಿನವನನ್ನು ಕನ್ನಡಿಯಲ್ಲಿ ನೋಡುತ್ತಿರಬೇಕು, ಅವನು ಕಾಣದಿದ್ದರೆ ನಿಧಾನಿಸಬೇಕು. ಇದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿರಲಿಲ್ಲ. ನಮ್ಮವರು ಕನ್ನಡಿ ನೋಡಿದ್ದು ಹೆಲ್ಮೆಟ್ ತೆಗೆದ ಮೇಲೆ, ಕೂದಲು ಸರಿಮಾಡಿಕೊಳ್ಳಲು.

ಎಲ್ಲರೂ ಒಂದೇ ವೇಗದಲ್ಲಿ ಹೋದರೂ ಕೊನೆಯವನ ಪಾಡು ಬೇರೆಯೇ. ಮುಂದಿನವನು ತಿರುವು ದಾಟಿ ವೇಗ ಹೆಚ್ಚಿಸುವಾಗ ಹಿಂದಿನವನು ಇನ್ನೂ ತಿರುವಿನಲ್ಲೇ ಇರುತ್ತಾನೆ. ಪ್ರತಿ ಬೈಕಿಗೂ ಸ್ವಲ್ಪ ಸ್ವಲ್ಪ ಅಂತರ ಸೇರುತ್ತಾ ಹೋಗುತ್ತದೆ. ಆ ಒಟ್ಟು ಬಾಕಿಯನ್ನು ತೀರಿಸಬೇಕಾದವನು ಕೊನೆಯವನು. ಮುಂದಿನವನು 50ರಲ್ಲಿ ಹಾಡು ಗುನುಗಿಕೊಂಡು ಹೋಗುತ್ತಿದ್ದರೆ ಕೊನೆಯವನು 70ರಲ್ಲಿ ದೇವರ ಹೆಸರು ಹೇಳಿಕೊಂಡು ಬರುತ್ತಿರುತ್ತಾನೆ.

ಇದನ್ನೂ ಸಹಿಸಬಹುದಿತ್ತು. ಆದರೆ ನನ್ನ ಮುಂದಿನ ಬೈಕು ಕರ್ಣನದು.

ಕರ್ಣ ಅನ್ನುವುದು ನಾವಿಟ್ಟ ಹೆಸರು. ಮೈತುಂಬ ಕವಚ ತೊಟ್ಟುಕೊಳ್ಳುತ್ತಾನೆ, ಅದಕ್ಕೆ. ಮಹಾಭಾರತದ ಕರ್ಣನಿಗೆ ಕವಚ ಹುಟ್ಟಿನಿಂದಲೇ ಬಂದಿತ್ತು, ಹಾಗಾಗಿ ಅವನು ತೊಟ್ಟುಕೊಳ್ಳುವುದನ್ನು ಯಾರೂ ಕಾಯಬೇಕಾಗಿರಲಿಲ್ಲ. ನಮ್ಮವನು ಪ್ರತಿ ಸಲ ನಿಂತಾಗಲೂ ಎಲ್ಲವನ್ನೂ ಕಳಚುತ್ತಾನೆ, ಹೊರಡುವಾಗ ಎಲ್ಲವನ್ನೂ ತೊಡುತ್ತಾನೆ. ಕವಚ ಬೇಡ ಅಂತ ನಾನು ಹೇಳುತ್ತಿಲ್ಲ. ಬಿದ್ದಾಗ ಚರ್ಮ ಮೈಮೇಲೆ ಉಳಿಯುವುದು ಅದರಿಂದಲೇ, ನಾನೂ ಹಾಕಿಕೊಳ್ಳುತ್ತೇನೆ. ನನ್ನ ತಕರಾರು ಅವನು ಹಾಕಿಕೊಳ್ಳುವ ಕ್ರಮದ ಬಗ್ಗೆ.

ಮೊದಲು ಮೊಣಕಾಲಿನ ಗಾರ್ಡು. ಆಮೇಲೆ ಜಾಕೆಟ್. ಆಮೇಲೆ ಮುಖಕ್ಕೆ ಬಟ್ಟೆ, ಹೆಲ್ಮೆಟ್, ಗ್ಲೌಸು. ಗ್ಲೌಸು ಹಾಕಿ ಅದರ ಪಟ್ಟಿ ಬಿಗಿದ ಮೇಲೆ ಕನ್ನಡಕ ಸೀಟಿನ ಮೇಲೇ ಉಳಿದಿರುವುದು ಕಾಣಿಸುತ್ತದೆ. ದಪ್ಪ ಗ್ಲೌಸಿನಲ್ಲಿ ಕನ್ನಡಕದ ಕಡ್ಡಿಯನ್ನು ಹೆಲ್ಮೆಟ್ ಒಳಗೆ ತೂರಿಸಲು ನೋಡುತ್ತಾನೆ. ಕಡ್ಡಿ ಮೂಗಿಗೆ ಹೋಗುತ್ತದೆ. ಗ್ಲೌಸು ಬಿಚ್ಚುತ್ತಾನೆ. ಕನ್ನಡಕ ಒಳಗೆ ಹೋಗುತ್ತದೆ. ಗ್ಲೌಸು ಮತ್ತೆ ಏರುತ್ತದೆ. ಆಗ ಜಾಕೆಟ್ಟಿನ ಜಿಪ್ಪು ಎಳೆದಿಲ್ಲ ಅನ್ನುವುದು ಗೊತ್ತಾಗುತ್ತದೆ.

ಅಷ್ಟರಲ್ಲಿ ಉಳಿದವರು ಹೊರಟುಹೋಗಿರುತ್ತಾರೆ. ಕೊನೆಯವನು ಎಲ್ಲರೂ ಹೊರಟ ಮೇಲೆ ಹೊರಡಬೇಕು. ಹಾಗಾಗಿ ನಾನು ಕಾಯುತ್ತೇನೆ.

ಮಧ್ಯಾಹ್ನ ಮಳೆ ಬಂತು. ಕರ್ಣ ರೇನ್‌ಕೋಟಿನ ಪ್ಯಾಂಟು ತೆಗೆದ. ಬೂಟು ಕಾಲಿನಲ್ಲಿದ್ದ ಹಾಗೆಯೇ ಪ್ಯಾಂಟಿಗೆ ಕಾಲು ತೂರಿಸಿದ. ಬೂಟು ಅರ್ಧ ದಾರಿಯಲ್ಲಿ ಸಿಕ್ಕಿಕೊಂಡಿತು. ಒಂಟಿ ಕಾಲಿನಲ್ಲಿ ಕುಣಿದು, ಬೀಳುವಂತಾಗಿ, ನನ್ನ ಬೈಕಿನ ಕನ್ನಡಿ ಹಿಡಿದುಕೊಂಡ. ಕನ್ನಡಿ ತಿರುಗಿ ಆಕಾಶ ನೋಡತೊಡಗಿತು. ಬೂಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿದರೆ ಸರಕ್ಕನೆ ಜಾರುತ್ತದೆ, ಬೈಕಿನವರಿಗೆಲ್ಲ ಗೊತ್ತಿರುವ ಉಪಾಯ. ನಾನು ಹೇಳಿದೆ. ಹೆಲ್ಮೆಟ್ ಒಳಗಿದ್ದವನಿಗೆ ಕೇಳಿಸಲಿಲ್ಲ. ಕೂಗಿ ಹೇಳಿದೆ. ಹೆಬ್ಬೆರಳು ಎತ್ತಿ ತೋರಿಸಿ ಕುಣಿತ ಮುಂದುವರಿಸಿದ.

ಅಂತೂ ಪ್ಯಾಂಟು ಏರಿತು. ಅದರ ಮೇಲೆ ರೇನ್‌ಕೋಟು ಏರಿತು. ಗುಂಡಿಗಳು, ಅಂಟುಪಟ್ಟಿಗಳು, ಕತ್ತಿನ ದಾರ, ಎಲ್ಲ ಬಿಗಿಯಾದವು. ಬೈಕ್ ಏರಿ ಕೂತ. ಕೂತವನು ಹಾಗೇ ಕೂತಿದ್ದ. ಆಮೇಲೆ ಎಡ ತೊಡೆಯನ್ನು ಮೇಲಿನಿಂದ ತಟ್ಟಿಕೊಂಡ. ಬಲ ತೊಡೆಯನ್ನು ತಟ್ಟಿಕೊಂಡ. ಎದೆ ತಟ್ಟಿಕೊಂಡ. ನನ್ನ ಕಡೆ ತಿರುಗಿದ. ಹೆಲ್ಮೆಟ್ ಒಳಗಿಂದ "ಈ... ಈ..." ಅನ್ನುವ ಸದ್ದು ಮಾತ್ರ ಬಂತು.

ಕೀ. ಜೀನ್ಸ್ ಜೇಬಿನಲ್ಲಿ. ರೇನ್‌ಕೋಟಿನ ಕೆಳಗೆ, ಮಳೆಪ್ಯಾಂಟಿನ ಕೆಳಗೆ.

ಮೊದಲು ಸೊಂಟದ ಕಡೆಯಿಂದ ಕೈ ತೂರಿಸಿ ನೋಡಿದ. ಗ್ಲೌಸು ಒಳಗೆ ಸಿಕ್ಕಿಕೊಂಡು ಕೈ ಮಾತ್ರ ಹೊರಗೆ ಬಂತು. ಈಗ ಕೀ ಜೊತೆಗೆ ಗ್ಲೌಸನ್ನೂ ಹುಡುಕಬೇಕು. ಕೊನೆಗೆ ಎಲ್ಲವನ್ನೂ ಕಳಚಿದ. ನಾನು ಮಳೆಯಲ್ಲಿ ನಿಂತು ನೋಡುತ್ತಿದ್ದೆ. ನನ್ನ ನಿಟ್ಟುಸಿರಿಗೆ ಹೆಲ್ಮೆಟ್ಟಿನ ಗಾಜು ಮಂಜುಗಟ್ಟಿ, ಆ ದೃಶ್ಯದ ಕೆಲವು ಭಾಗ ನನಗೆ ಕಾಣಿಸಲಿಲ್ಲ. ದೇವರು ದೊಡ್ಡವನು.

ಕೀ ಸಿಕ್ಕಿತು. ಮತ್ತೆ ಎಲ್ಲ ಏರಿತು. ಆಗ ಅವನು ಗಾಜು ಎತ್ತಿ, ಆಕಾಶ ನೋಡಿ, ಬಹಳ ವಿನಯದಿಂದ ಕೇಳಿದ. "ಮಳೆ ನಿಂತ ಹಾಗಿದೆ ಅಲ್ವಾ? ಇದನ್ನ ತೆಗೆದುಬಿಡ್ಲಾ?"

ನಾನು ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇಷ್ಟು ಹೊತ್ತು ಕಾಯಿಸಿದವನು ಹೊರಟ ಮೇಲಾದರೂ ನನ್ನ ಜೊತೆ ಬರಬೇಕಲ್ಲ? ಇಲ್ಲ. ಅವನದು ದೊಡ್ಡ ಇಂಜಿನ್. ಬುರ್ರೆಂದು ಮುಂದಿನವರನ್ನು ಸೇರಿಕೊಂಡ. ಹಾಗಾಗಿ ಮುಂದಿನ ಜಾಗದಲ್ಲೂ ತಡ ಮಾಡಿದವನು ನಾನೇ. "ಏನೋ, ಎಲ್ಲಿ ಮಲಗಿಬಿಟ್ಟಿದ್ದೆ?" ಅಂತ ಕೇಳಿದವರಲ್ಲಿ ಕರ್ಣನೂ ಇದ್ದ.

ಸುಂದರವಾದ ರಸ್ತೆ ಅಂತ ಆರಿಸಿ ಹೋಗಿದ್ದೆವು. ಸುಂದರ ಇರಬಹುದು. ಬೈಕ್ ಓಡಿಸುವವನಿಗೆ ಗೊತ್ತಾಗುವುದಾದರೂ ಹೇಗೆ? ಕಣ್ಣು ಯಾವ ಕಡೆ ಹೋಗುತ್ತದೋ ಬೈಕೂ ಆ ಕಡೆಗೇ ಎಳೆಯುತ್ತದೆ. ಗುಂಡಿಯನ್ನೇ ನೋಡುತ್ತಿದ್ದರೆ ಗುಂಡಿಗೆ, ಕಣಿವೆ ನೋಡಿದರೆ ಕಣಿವೆಗೆ. ಹಾಗಾಗಿ ಎಡಕ್ಕೆ ಅಷ್ಟು ಚಂದದ ಕಣಿವೆ ಇದ್ದರೂ ನಾನು ನೋಡಿದ್ದು ಕರ್ಣನ ಕೆಂಪು ಹಿಂದೀಪವನ್ನು, ಅದೂ ಕಣ್ಣಿಗೆ ಬಿದ್ದಾಗ.

ಸಂಜೆ ಹೊತ್ತಿಗೆ ಸೀಟು ಕಾದ ಕಾವಲಿಯಾಗಿತ್ತು. ಆಗ ಪಾಲ್ ಡೈಮ್ಲರ್ ನೆನಪಾದ. 1885ರಲ್ಲಿ ಜರ್ಮನಿಯಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ ಮರದ ಚೌಕಟ್ಟಿಗೆ ಪೆಟ್ರೋಲ್ ಇಂಜಿನ್ ಕೂರಿಸಿದರಲ್ಲ, ಅದನ್ನೇ ಮೊದಲ ಮೋಟಾರ್‌ಸೈಕಲ್ ಎನ್ನುತ್ತಾರೆ. ಆ ನವೆಂಬರಿನಲ್ಲಿ ಡೈಮ್ಲರನ ಮಗ ಪಾಲ್ ಅದನ್ನು ಪಕ್ಕದೂರಿಗೆ ಓಡಿಸಿಕೊಂಡು ಹೋದ. ಕೆಳಗಿದ್ದ ಇಂಜಿನ್ನಿನ ಕಾವಿಗೆ ದಾರಿಯಲ್ಲಿ ಸೀಟೇ ಹೊತ್ತಿಕೊಂಡಿತಂತೆ. ಕೇಳಿದವರೆಲ್ಲ ಅಯ್ಯೋ ಪಾಪ ಅನ್ನುತ್ತಾರೆ. ನನಗೆ ಹೊಟ್ಟೆಕಿಚ್ಚು. ಸೀಟು ಹೊತ್ತಿಕೊಂಡರೇನಂತೆ, ಅವನು ಇನ್ನೊಬ್ಬನ ಕೀ ಹುಡುಕುವುದನ್ನು ಕಾಯಬೇಕಾಗಿರಲಿಲ್ಲ.

ಆದರೂ ಒಂದು ಮಾತು. ಕಾಲೇಜಿನ ದಿನಗಳಲ್ಲಿ ನಮ್ಮಲ್ಲಿ ಎಲ್ಲರ ಹತ್ತಿರ ಬೈಕ್ ಇರಲಿಲ್ಲ. ಒಂದು ಬೈಕಿನಲ್ಲಿ ಇಬ್ಬರು ಹೋಗುತ್ತಿದ್ದೆವು. ಹಿಂದೆ ಕೂತವನು ಭುಜದ ಮೇಲೆ ಗದ್ದ ಇಟ್ಟು ಕಿವಿಯಲ್ಲಿ ಕೂಗಿ ಕಥೆ ಹೇಳುತ್ತಿದ್ದ. ಅರ್ಧ ಗಾಳಿಗೆ ಹೋಗುತ್ತಿತ್ತು. ಉಳಿದ ಅರ್ಧಕ್ಕೇ ನಕ್ಕು ಬೈಕ್ ಓಲಾಡುತ್ತಿತ್ತು. ಬಹಳ ಸಲ ಹಿಂದೆ ಕೂರುತ್ತಿದ್ದವನು ಕರ್ಣನೇ, ಬರೀ ಅಂಗಿ ಚಪ್ಪಲಿಯಲ್ಲಿ. ಈಗ ಎಲ್ಲರ ಹತ್ತಿರವೂ ಒಳ್ಳೆಯ ಬೈಕ್ ಇದೆ. ಒಂದು ಭಾನುವಾರ ಎಲ್ಲರಿಗೂ ಒಟ್ಟಿಗೆ ಬಿಡುವಾಗಬೇಕಾದರೆ ತಿಂಗಳುಗಟ್ಟಲೆ ಚೌಕಾಸಿ ನಡೆಯುತ್ತದೆ. ಕೊನೆಗೂ ಹೋದರೆ ಎಲ್ಲರೂ ಅವರವರ ಹೆಲ್ಮೆಟ್ ಒಳಗೆ ಒಬ್ಬೊಬ್ಬರೇ. ದಿನವಿಡೀ ಜೊತೆಗಿದ್ದು ನಾವು ಆಡಿದ ಮಾತು ಎಷ್ಟು ಅಂತ ಲೆಕ್ಕ ಹಾಕಿದರೆ ಬೇಜಾರಾಗುತ್ತದೆ. ಅದರಲ್ಲೂ ನನ್ನ ಪಾಲಿಗೆ ಬಂದದ್ದು "ಹೊರಡೋಣ" ಮಾತ್ರ.

ರಾತ್ರಿ ವಾಟ್ಸಾಪ್ ಗುಂಪಿಗೆ ಫೋಟೋಗಳು ಸುರಿದವು. ಬಂಡೆಯ ಮೇಲೆ ಎಲ್ಲರೂ, ತಿರುವಿನಲ್ಲಿ ಎಲ್ಲರೂ, ಮಂಜಿನಲ್ಲಿ ಎಲ್ಲರೂ. ಎಲ್ಲರೂ ಅಂದರೆ ನನ್ನನ್ನು ಬಿಟ್ಟು. ಒಂದರಲ್ಲಿ ಮಾತ್ರ ದೂರದ ತಿರುವಿನಲ್ಲಿ ನನ್ನ ಹೆಡ್‌ಲೈಟು ಒಂದು ಬಿಳಿ ಚುಕ್ಕೆಯಾಗಿ ಕಾಣುತ್ತಿತ್ತು. ಅದನ್ನು ಹೇಳೋಣ ಅಂತ ಟೈಪ್ ಮಾಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಬರೆದ. "ಸೂಪರ್ ಫೋಟೋ. ಹಿಂದೆ ಆ ಚುಕ್ಕೆ ಒಂದು ಹಾಳು ಮಾಡ್ತಿದೆ. ಅಳಿಸೋಕಾಗುತ್ತಾ ನೋಡ್ರೋ."

ಕರ್ಣ ಎರಡೇ ನಿಮಿಷದಲ್ಲಿ ಅಳಿಸಿ ಕಳಿಸಿದ. ಇಡೀ ದಿನದಲ್ಲಿ ಅವನು ಬೇಗ ಮುಗಿಸಿದ ಕೆಲಸ ಅದೊಂದೇ.